ಹಳೇ ಗೇಮ್‌ಗಳಿಗೆ ಯಾವ ಸೆಟಪ್? ನಿಮ್ಮ ಮನೆಗೆ ಹೊಂದುವ ಎಮ್ಯುಲೇಟರ್ ಸಾಫ್ಟ್‌ವೇರ್ ಆರಿಸುವ ಬಗೆ

"ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಬಿದ್ದಿದೆ. ಕಾಂಟ್ರಾ ಆಡಬೇಕು ಅನ್ನಿಸ್ತಿದೆ. ಏನು ಹಾಕ್ಕೊಳ್ಳಲಿ?"

ಗೆಳೆಯರು ಈ ಪ್ರಶ್ನೆಯನ್ನು ನನಗೆ ಆಗಾಗ ಕೇಳುತ್ತಾರೆ. ನಾನು ಉತ್ತರ ಕೊಡುವ ಮೊದಲು ಮೂರು ಮಾತು ಕೇಳುತ್ತೇನೆ. ಯಾವ ಮೆಷಿನ್? ಆಡುವವರು ನೀವೊಬ್ಬರೇನಾ, ಮನೆಯ ಮಕ್ಕಳೂ ಇದ್ದಾರಾ? ಆರು ತಿಂಗಳು ಬಿಟ್ಟು ಅದು ಕೆಟ್ಟರೆ ಸರಿಮಾಡುವವರು ಯಾರು? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಸಾಫ್ಟ್‌ವೇರ್‌ಗಳಲ್ಲಿ ಯಾವುದನ್ನು ತಗೊಂಡರೂ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ವ್ಯತ್ಯಾಸ ಗೊತ್ತಾಗುವುದು ಅಪ್‌ಡೇಟ್ ಆದ ಮೇಲೆ, ಕಂಟ್ರೋಲರ್ ಬದಲಾದ ಮೇಲೆ, ಮಗು ಆಟ ಅರ್ಧಕ್ಕೆ ಬಿಟ್ಟು ಎದ್ದು ಹೋದ ಮೇಲೆ.

ಮೊದಲು ಯಾವುದು ಏನು ಅಂತ ಬಿಡಿಸಿ ನೋಡೋಣ, ಏಕೆಂದರೆ ಗೊಂದಲ ಶುರುವಾಗುವುದೇ ಇಲ್ಲಿ. ಎಮ್ಯುಲೇಟರ್ ಅಂದರೆ ಹಳೇ ಗೇಮ್ ಮೆಷಿನ್ನಿನ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂ. ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ, ಗೇಮ್‌ಕ್ಯೂಬ್ ಮತ್ತು ವೀಗೆ ಡಾಲ್ಫಿನ್. ರೆಟ್ರೋಆರ್ಚ್‌ನಲ್ಲಿ ಎಮ್ಯುಲೇಟರ್‌ಗಳು 'ಕೋರ್' ಎಂಬ ಬಿಡಿ ಭಾಗಗಳಾಗಿ ಬರುತ್ತವೆ. ಇವುಗಳ ಮೇಲೆ ಗೇಮ್‌ಗಳ ಪಟ್ಟಿಯನ್ನು ಚಿತ್ರ ಸಮೇತ ತೋರಿಸುವುದು ಫ್ರಂಟ್‌ಎಂಡ್. ಇವೆಲ್ಲವನ್ನೂ ಒಟ್ಟಿಗೆ ತಂದು, ಕಂಟ್ರೋಲರ್ ಜೋಡಿಸಿ, ಫೋಲ್ಡರ್ ಮಾಡಿಕೊಡುವವು ಸೆಟಪ್ ಸಾಫ್ಟ್‌ವೇರ್‌ಗಳು: ರೆಟ್ರೋಬ್ಯಾಟ್, ಬಟೋಸೆರಾ, ಎಮುಡೆಕ್, ರೆಟ್ರೋಡೆಕ್ ಇತ್ಯಾದಿ. ಹೆಸರುಗಳು ಒಂದಕ್ಕೊಂದು ಹತ್ತಿರ ಇವೆ, ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಗೇಮ್ ಎಲ್ಲಿಂದ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಸಾಫ್ಟ್‌ವೇರ್‌ಗಳ ಜೊತೆ ಕಂಪನಿಗಳ ಗೇಮ್ ಬರುವುದಿಲ್ಲ, ಬರಲೂಬಾರದು. ನಿಮ್ಮ ಹತ್ತಿರ ಪ್ಲೇಸ್ಟೇಷನ್ 2ರ ಡಿಸ್ಕ್ ಇದ್ದರೆ ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲೇ ಐಎಸ್‌ಒ, ಅಂದರೆ ಡಿಸ್ಕಿನ ಪೂರ್ತಿ ಪ್ರತಿಯ ಫೈಲು, ಮಾಡಿಕೊಳ್ಳಬಹುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದರಿಂದ ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದಕ್ಕೆ ಜಾಗ ಬಿಟ್ಟಿದೆ. ಕಂಡವರ ಸೈಟಿನಿಂದ ಸಾವಿರ ಗೇಮ್ ಇಳಿಸಿಕೊಳ್ಳುವುದಕ್ಕೆ ಅದು ಅನ್ವಯಿಸುವುದಿಲ್ಲ. ಇನ್ನು ಈಗಲೂ ಹಳೇ ಮೆಷಿನ್‌ಗಳಿಗೆ ಹೊಸ ಗೇಮ್ ಬರೆಯುವವರಿದ್ದಾರೆ. 2019ರಲ್ಲಿ ನಿಂಟೆಂಡೋ ಎನ್‌ಇಎಸ್‌ಗೆ ಬಂದ 'ಮೈಕ್ರೋ ಮೇಜಸ್' ಅಂಥದ್ದೊಂದು. ನಾಲ್ಕು ಜನ ಒಟ್ಟಿಗೆ ಕೂತು ಆಡಬಹುದು. ದುಡ್ಡು ಕೊಟ್ಟರೆ ರೋಮ್, ಅಂದರೆ ಎಮ್ಯುಲೇಟರಿಗೆ ಹಾಕುವ ಗೇಮ್ ಫೈಲೇ ಸಿಗುತ್ತದೆ. ಹೊಸ ಸೆಟಪ್ ಪರೀಕ್ಷಿಸಲು ನಾನು ಮೊದಲು ಹಾಕುವುದು ಅದನ್ನೇ.

ವಿಂಡೋಸ್ ಕಂಪ್ಯೂಟರ್ ಇದ್ದವರಿಗೆ

ಇಲ್ಲಿ ಆಯ್ಕೆ ಜಾಸ್ತಿ. ನಾಲ್ಕನ್ನು ಮಾತ್ರ ಹೋಲಿಸುತ್ತೇನೆ.

ರೆಟ್ರೋಆರ್ಚ್ ಎಲ್ಲಕ್ಕೂ ತಾಯಿಬೇರಿದ್ದ ಹಾಗೆ. ಉಳಿದ ಸುಮಾರು ಸಾಫ್ಟ್‌ವೇರ್‌ಗಳು ಒಳಗೊಳಗೇ ಇದನ್ನೇ ಬಳಸುತ್ತವೆ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲೆಡೆ ಓಡುತ್ತದೆ. ಆದರೆ ಮೊದಲ ಸಲ ತೆರೆದವರಿಗೆ ಕೈಕಾಲು ಆಡುವುದಿಲ್ಲ. ಕೋರ್ ಇಳಿಸಬೇಕು, ಕೋರ್ ಲೋಡ್ ಮಾಡಬೇಕು, ಆಮೇಲೆ ಗೇಮ್. ಸೆಟ್ಟಿಂಗ್ ಒಳಗೆ ಸೆಟ್ಟಿಂಗ್. ಒಂದು ವಾರ ಕೂತು ಕಲಿತರೆ ಮಾತ್ರ ಇದು ಕೊಡುವ ಹಿಡಿತ ಬೇರೆ ಎಲ್ಲೂ ಸಿಗುವುದಿಲ್ಲ. ಒಂದೇ ಗೇಮ್‌ಗೆ ಬೇರೆ ಸೆಟ್ಟಿಂಗ್ ಇಡಬಹುದು. ಬಟನ್ ಒತ್ತಿದ್ದಕ್ಕೂ ಮಾರಿಯೋ ಎಗರಿದ್ದಕ್ಕೂ ನಡುವಿನ ತಡವನ್ನು ಕಡಿಮೆ ಮಾಡುವ 'ರನ್ ಅಹೆಡ್' ಎಂಬ ಆಯ್ಕೆ ಇದೆ. ಡಬ್ಬಾ ಟಿವಿಯ ಗೆರೆಗಳನ್ನು ಪರದೆಯ ಮೇಲೆ ತರುವ ಶೇಡರ್‌ಗಳಿವೆ. ಆ ಗೆರೆ ಯಾಕೆ ಬೇಕು ಅಂತ ಕೇಳುವವರು ಒಮ್ಮೆ ಹಾಕಿ ನೋಡಬೇಕು. ಆ ಕಾಲದ ಚಿತ್ರಗಳನ್ನು ಬರೆದದ್ದೇ ಡಬ್ಬಾ ಟಿವಿಗಾಗಿ. ಇಂದಿನ ಎಲ್‌ಇಡಿ ಪರದೆಯಲ್ಲಿ ಚೌಕ ಚೌಕವಾಗಿ ಕಾಣುವ ಮುಖ, ಶೇಡರ್ ಹಾಕಿದ ಕೂಡಲೇ ಮೆತ್ತಗಾಗಿ ಮುಖದ ಹಾಗೆ ಕಾಣುತ್ತದೆ.

ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್‌ನಂಥ ಭಾರದ ಮೆಷಿನ್‌ಗಳಿಗೆ ರೆಟ್ರೋಆರ್ಚ್ ಮೇಲೆ ಭಾರ ಹಾಕಬೇಡಿ. ಅವುಗಳಿಗೆ ಪಿಸಿಎಸ್‌ಎಕ್ಸ್2, ಡಾಲ್ಫಿನ್ ನೇರವಾಗಿ ಹಾಕಿಕೊಳ್ಳುವುದೇ ಒಳ್ಳೆಯದು.

ಕಲಿಯುವ ವಾರ ನಿಮ್ಮಲ್ಲಿ ಇಲ್ಲದಿದ್ದರೆ ರೆಟ್ರೋಬ್ಯಾಟ್. ಇದು ವಿಂಡೋಸಿಗೆ ಮಾತ್ರ, ಉಚಿತ. ಒಂದು ಫೋಲ್ಡರಿನಲ್ಲಿ ಎಲ್ಲವೂ ಕೂರುತ್ತದೆ: ರೆಟ್ರೋಆರ್ಚ್, ಬೇರೆ ಎಮ್ಯುಲೇಟರ್‌ಗಳು, ಎಮ್ಯುಲೇಷನ್‌ಸ್ಟೇಷನ್ ಎಂಬ ಫ್ರಂಟ್‌ಎಂಡ್. ರೋಮ್ಸ್ ಫೋಲ್ಡರಿನೊಳಗೆ ಪ್ರತಿ ಮೆಷಿನ್‌ಗೂ ಒಂದು ಫೋಲ್ಡರ್ ಇರುತ್ತದೆ. ಗೇಮ್ ಅಲ್ಲಿ ಹಾಕಿದರೆ ಪಟ್ಟಿಯಲ್ಲಿ ಬರುತ್ತದೆ. ಕಂಪ್ಯೂಟರ್ ಬದಲಾಯಿಸಿದರೆ ಆ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಹೊತ್ತುಕೊಂಡು ಹೋಗಬಹುದು. ವಿಂಡೋಸ್ ಬಿಡಲಾಗದವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಲಾಂಚ್‌ಬಾಕ್ಸ್ ಸಂಗ್ರಹದ ಪ್ರೀತಿ ಇರುವವರದ್ದು. ಗೇಮಿನ ಡಬ್ಬಿಯ ಮುಖಪುಟ, ಬಿಡುಗಡೆಯಾದ ವರ್ಷ, ಯಾರು ಮಾಡಿದ್ದು ಎಲ್ಲವನ್ನೂ ತನ್ನದೇ ಡೇಟಾಬೇಸಿನಿಂದ ತಂದು ಕಪಾಟಿನಲ್ಲಿ ಜೋಡಿಸಿದ ಹಾಗೆ ಇಡುತ್ತದೆ. ಮೂಲ ಸಾಫ್ಟ್‌ವೇರ್ ಉಚಿತ. ಆದರೆ ಟಿವಿಯ ಮುಂದೆ ಸೋಫಾದಲ್ಲಿ ಕೂತು ಬರೀ ಕಂಟ್ರೋಲರಿನಲ್ಲಿ ನಡೆಸುವ 'ಬಿಗ್ ಬಾಕ್ಸ್' ಬೇಕಾದರೆ ಲೈಸೆನ್ಸ್ ಕೊಳ್ಳಬೇಕು. ಮೌಸ್ ಹಿಡಿದು ಮೇಜಿನ ಮುಂದೆಯೇ ಆಡುವವರಿಗೆ ಉಚಿತದ್ದೇ ಸಾಕು.

ಸ್ಟೀಮ್, ಎಪಿಕ್, ಜಿಒಜಿ ಅಂತ ಹೊಸ ಗೇಮ್‌ಗಳೂ ಬೇಕಾದಷ್ಟಿದ್ದು, ಹಳೆಯವು ಮಧ್ಯೆ ನಾಲ್ಕು ಮಾತ್ರ ಇದ್ದರೆ ಪ್ಲೇನೈಟ್ ಹಾಕಿಕೊಳ್ಳಿ. ಎಲ್ಲ ಅಂಗಡಿಯ ಗೇಮ್‌ಗಳನ್ನೂ ಒಂದೇ ಪಟ್ಟಿಯಲ್ಲಿ ತರುತ್ತದೆ, ಪೂರ್ತಿ ಪರದೆಯ ಮೋಡ್ ಕೂಡ ಉಚಿತ. ಎಮ್ಯುಲೇಟರ್ ನೀವೇ ಹಾಕಿ, ನೀವೇ ಸರಿಮಾಡಿಕೊಂಡಿರಬೇಕು ಅಷ್ಟೇ.

ಮೂಲೆಯಲ್ಲಿ ಬಿದ್ದ ಹಳೇ ಲ್ಯಾಪ್‌ಟಾಪಿಗೆ

ಇಲ್ಲಿ ನನ್ನ ಮನಸ್ಸು ಪೂರ್ತಿ ಬಟೋಸೆರಾ ಕಡೆಗಿದೆ, ಮುಚ್ಚಿಡುವುದೇನೂ ಇಲ್ಲ.

ಬಟೋಸೆರಾ ಒಂದು ಪೂರ್ತಿ ಲಿನಕ್ಸ್ ವ್ಯವಸ್ಥೆ. ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಕಂಪ್ಯೂಟರ್ ಶುರು ಮಾಡುತ್ತೀರಿ. ಒಳಗಿನ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಆಫೀಸ್ ಕೆಲಸವೂ ಅದೇ ಲ್ಯಾಪ್‌ಟಾಪಿನಲ್ಲಿ ಆಗಬೇಕು ಅನ್ನುವವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಒಂದಿತ್ತು. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದು, ಅಷ್ಟು ನಿಧಾನ. ಬೇಸಿಗೆ ರಜೆಯಲ್ಲಿ 32 ಜಿಬಿಯ ಪೆನ್‌ಡ್ರೈವಿಗೆ ಬಟೋಸೆರಾ ಬರೆದು ಹಾಕಿದೆ. ಬೂಟ್ ಮೆನು ಬರಲು ಎಫ್12 ಒತ್ತಬೇಕಾಯಿತು, ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಯಿತು. ಇವೆರಡು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತವೆ. ಆಮೇಲೆ ಎಚ್‌ಡಿಎಂಐ ತಂತಿ ಟಿವಿಗೆ, ಯುಎಸ್‌ಬಿ ಜಾಯ್‌ಸ್ಟಿಕ್ ಲ್ಯಾಪ್‌ಟಾಪಿಗೆ. ಪರದೆಯ ಮೇಲೆ ಮೆಷಿನ್‌ಗಳ ಸಾಲು ಬಂತು. ಬಟೋಸೆರಾದ ಒಳಗೇ ಕೆಲವು ಉಚಿತ ಹೋಮ್‌ಬ್ರೂ (ಹವ್ಯಾಸಿಗಳು ಬರೆದ) ಗೇಮ್ ಇರುತ್ತವೆ, ಹಾಗಾಗಿ ಏನನ್ನೂ ಕಾಪಿ ಮಾಡುವ ಮೊದಲೇ ಅಕ್ಕನ ಮಗ ಆಡಲು ಕೂತ.

ಹತ್ತು ನಿಮಿಷಕ್ಕೆ ಕೂಗಿದ. "ಮಾಮಾ, ಇದರಿಂದ ಹೊರಗೆ ಬರೋದು ಹೇಗೆ?"

ಒಳ್ಳೆಯ ಪ್ರಶ್ನೆ. ಯಾವ ಸಾಫ್ಟ್‌ವೇರ್ ತೂಗಿ ನೋಡುವಾಗಲೂ ಈ ಪ್ರಶ್ನೆ ಕೇಳಬೇಕು. ಬಟೋಸೆರಾದಲ್ಲಿ ಹಾಟ್‌ಕೀ ಮತ್ತು ಸ್ಟಾರ್ಟ್ ಒಟ್ಟಿಗೆ ಒತ್ತಿದರೆ ಗೇಮ್ ಮುಚ್ಚುತ್ತದೆ. ನಡುವೆ ಹೋಮ್ ಬಟನ್ ಇಲ್ಲದ ಜಾಯ್‌ಸ್ಟಿಕ್‌ನಲ್ಲಿ ಸೆಲೆಕ್ಟ್ ಬಟನ್ನೇ ಹಾಟ್‌ಕೀ. ಅವನ ಹೆಬ್ಬೆರಳುಗಳನ್ನು ಎರಡು ಬಟನ್ ಮೇಲೆ ಇಟ್ಟು ತೋರಿಸಿದೆ. ಸೂಪರ್ ನಿಂಟೆಂಡೋ ಆದರೂ ಅದೇ, ಪ್ಲೇಸ್ಟೇಷನ್ ಆದರೂ ಅದೇ. ಹೆಚ್ಚುಕಮ್ಮಿ ಎಲ್ಲ ಮೆಷಿನ್‌ಗೂ ಒಂದೇ ಕೀಲಿ. ಬಿಡಿ ಬಿಡಿಯಾಗಿ ಐದು ಎಮ್ಯುಲೇಟರ್ ಹಾಕಿಕೊಂಡವರು ಕೀಬೋರ್ಡ್ ಹುಡುಕಿಕೊಂಡು ಎದ್ದು ಓಡಾಡುವುದನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ.

ಮಕ್ಕಳಿರುವ ಮನೆಗೆ ಇನ್ನೊಂದು ಅನುಕೂಲ. ಎಮ್ಯುಲೇಷನ್‌ಸ್ಟೇಷನ್ ಪರದೆಯಲ್ಲಿ ಕಿಡ್ ಮೋಡ್, ಕಿಯೋಸ್ಕ್ ಮೋಡ್ ಅಂತ ಇವೆ. ಹಾಕಿಟ್ಟರೆ ಸೆಟ್ಟಿಂಗ್‌ಗಳು ಮರೆಯಾಗುತ್ತವೆ, ಆಟ ಮಾತ್ರ ಉಳಿಯುತ್ತದೆ. ಮತ್ತೆ ತೆರೆಯುವ ಬಟನ್ ಸರಣಿ ಯಾವುದು ಗೊತ್ತಾ? ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಕಾಂಟ್ರಾದಲ್ಲಿ 30 ಜೀವ ಕೊಡುತ್ತಿದ್ದದ್ದೂ ಇದೇ ಸರಣಿ! ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ ಆಡಿದ ನಮ್ಮ ವಯಸ್ಸಿನವರ ಬೆರಳಿಗೆ ಅದು ಇನ್ನೂ ನೆನಪಿದೆ, ಮಕ್ಕಳಿಗೆ ಗೊತ್ತಿಲ್ಲ.

ಬಟೋಸೆರಾದ ತೊಂದರೆಗಳನ್ನೂ ಹೇಳಬೇಕು. ಅದು ಗೇಮ್ ಇಡುವ ಜಾಗ ಸಾಮಾನ್ಯವಾಗಿ ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟಿನಲ್ಲಿರುತ್ತದೆ. ಪೆನ್‌ಡ್ರೈವನ್ನು ವಿಂಡೋಸಿಗೆ ಚುಚ್ಚಿದರೆ ಗೇಮ್ ಫೋಲ್ಡರ್ ಕಾಣುವುದಿಲ್ಲ. ಆಗ ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ. ಬಟೋಸೆರಾ ಓಡುತ್ತಿರುವಾಗ ಮನೆಯ ವೈಫೈ ಮೂಲಕ ನೆಟ್‌ವರ್ಕ್ ಫೋಲ್ಡರ್ ಆಗಿ ತೆರೆದು ಕಾಪಿ ಮಾಡುವುದೇ ಸರಿಯಾದ ದಾರಿ. ಎರಡನೆಯದು, ಹಳೇ ಲ್ಯಾಪ್‌ಟಾಪಿನಿಂದ ಎಷ್ಟು ಕೇಳಬಹುದೋ ಅಷ್ಟೇ ಕೇಳಬೇಕು. ಎನ್‌ಇಎಸ್, ಸೂಪರ್ ನಿಂಟೆಂಡೋ, ಸೆಗಾ, ಗೇಮ್‌ಬಾಯ್ ಅಡ್ವಾನ್ಸ್, ಮೊದಲ ಪ್ಲೇಸ್ಟೇಷನ್ ಸರಾಗ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಐ3ಯಲ್ಲಿ ಪ್ಲೇಸ್ಟೇಷನ್ 2 ಕುಂಟುತ್ತದೆ. ಯಾವ ಫ್ರಂಟ್‌ಎಂಡ್ ಹಾಕಿದರೂ ಅದು ಬದಲಾಗುವುದಿಲ್ಲ.

ಸ್ಟೀಮ್ ಡೆಕ್: ಎಮುಡೆಕ್ಕೋ ರೆಟ್ರೋಡೆಕ್ಕೋ

2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್ ಸ್ಟೀಮ್ ಡೆಕ್ ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಹೊರದೇಶದಿಂದ ಬರುವವರ ಬ್ಯಾಗಿನಲ್ಲಿ. ಅಮೆರಿಕ, ಜರ್ಮನಿಯಲ್ಲಿರುವ ಕನ್ನಡದ ಗೆಳೆಯರು ಈ ಎರಡರ ಬಗ್ಗೆ ಕೇಳುತ್ತಲೇ ಇರುತ್ತಾರೆ.

ಎಮುಡೆಕ್ ಒಬ್ಬ ಮೇಸ್ತ್ರಿಯ ಹಾಗೆ. ಡೆಸ್ಕ್‌ಟಾಪ್ ಮೋಡಿನಲ್ಲಿ ಓಡಿಸಿದರೆ ಒಂದೊಂದೇ ಎಮ್ಯುಲೇಟರನ್ನು ಅದರದರ ಜಾಗದಿಂದ ತಂದು ಹಾಕಿ, ಸೆಟ್ಟಿಂಗ್ ಬರೆದು, ಎಮ್ಯುಲೇಷನ್ ಎಂಬ ಫೋಲ್ಡರ್ ಕಟ್ಟಿಕೊಡುತ್ತದೆ. ಆಮೇಲೆ ಪ್ರತಿ ಎಮ್ಯುಲೇಟರೂ ಸ್ವತಂತ್ರ. ಜೊತೆಗೆ ಬರುವ ಸ್ಟೀಮ್ ರೋಮ್ ಮ್ಯಾನೇಜರ್ ಇದರ ದೊಡ್ಡ ಬಲ. ಹಳೇ ಗೇಮ್‌ಗಳು ಮುಖಪುಟ ಸಮೇತ ಸ್ಟೀಮ್ ಲೈಬ್ರರಿಯಲ್ಲೇ ಕೂರುತ್ತವೆ. ಗೇಮಿಂಗ್ ಮೋಡ್ ಬಿಟ್ಟು ಹೊರಗೆ ಹೋಗುವ ಅಗತ್ಯವೇ ಇಲ್ಲ.

ರೆಟ್ರೋಡೆಕ್ ಇಡೀ ಮನೆಯನ್ನೇ ಒಂದು ಪೆಟ್ಟಿಗೆಯಲ್ಲಿ ಕೊಡುತ್ತದೆ. ಲಿನಕ್ಸಿನ ಆ್ಯಪ್ ಅಂಗಡಿ ಫ್ಲಾಟ್‌ಹಬ್‌ನಲ್ಲಿ ಒಂದೇ ಆ್ಯಪ್. ಎಮ್ಯುಲೇಟರ್‌ಗಳು, ಇಎಸ್-ಡಿಇ ಫ್ರಂಟ್‌ಎಂಡ್ ಎಲ್ಲ ಅದರೊಳಗೆ. ಅಪ್‌ಡೇಟ್ ಒಂದೇ ಸಲ, ತೆಗೆದುಹಾಕುವುದೂ ಒಂದೇ ಸಲ. ಬೆಲೆ ಏನೆಂದರೆ, ಒಂದು ಎಮ್ಯುಲೇಟರಿನ ಹೊಸ ಆವೃತ್ತಿ ನಿನ್ನೆ ಬಂದಿದ್ದರೂ ಪೆಟ್ಟಿಗೆಯವರು ಸೇರಿಸುವ ತನಕ ಕಾಯಬೇಕು.

ಒಂದೊಂದು ಎಮ್ಯುಲೇಟರನ್ನೂ ತೆರೆದು ತಿದ್ದುವ ಅಭ್ಯಾಸ ಇದ್ದರೆ ಎಮುಡೆಕ್. ಹಾಕಿ ಮರೆತುಬಿಡಬೇಕು ಅನ್ನುವವರು ರೆಟ್ರೋಡೆಕ್. ಎರಡನ್ನೂ ಒಟ್ಟಿಗೆ ಹಾಕಬೇಡಿ. ಬಯೋಸ್ (ಅದೇನೆಂದು ಮುಂದೆ ಹೇಳುತ್ತೇನೆ) ಎಲ್ಲಿಟ್ಟೆ, ಸೇವ್ ಎಲ್ಲಿದೆ ಅಂತ ನಿಮಗೇ ಗೊತ್ತಾಗದೆ ಹೋಗುತ್ತದೆ.

ರಾಸ್ಪ್‌ಬೆರಿ ಪೈ, ಫೋನು

ಅಂಗೈಯಗಲದ ಪುಟ್ಟ ಕಂಪ್ಯೂಟರ್ ಪೈ ಬಗ್ಗೆ ಬೇಗ ಮುಗಿಸುತ್ತೇನೆ. ಹಳೇ ಬರಹಗಳೆಲ್ಲ ರೆಟ್ರೋಪೈ ಹಾಕಿ ಅನ್ನುತ್ತವೆ. ಅದರ 4.8 ಇಮೇಜ್ ಬಂದದ್ದು 2022ರಲ್ಲಿ. ಪೈ 4 ಅಥವಾ ಅದಕ್ಕಿಂತ ಹಳೆಯದು ಇದ್ದರೆ ಇವತ್ತಿಗೂ ಚೆನ್ನಾಗಿದೆ. ಪೈ 5 ಇದ್ದರೆ ಬಟೋಸೆರಾ ಅಥವಾ ರಿಕಾಲ್‌ಬಾಕ್ಸ್ ನೋಡಿ. ರೆಟ್ರೋಆರ್ಚ್ ಚೆನ್ನಾಗಿ ಗೊತ್ತಿರುವವರಿಗೆ ಲಕ್ಕಾ ಇದೆ.

ಆಂಡ್ರಾಯ್ಡ್ ಫೋನಿನಲ್ಲಿ ಸುಮ್ನೆ ಆಡಬೇಕು ಅಂದರೆ ಲೆಮುರಾಯ್ಡ್. ಉಚಿತ, ಜಾಹೀರಾತು ಇಲ್ಲ. ಫೋಲ್ಡರ್ ತೋರಿಸಿದರೆ ಗೇಮ್‌ಗಳನ್ನು ತಾನೇ ಹುಡುಕಿ, ಬೇಕಾದ ಕೋರ್ ತಾನೇ ತರುತ್ತದೆ. ಪರದೆಯ ಮೇಲಿನ ಬಟನ್‌ಗಳೂ ಚೆನ್ನಾಗಿವೆ. ಮೊದಲ ಪ್ಲೇಸ್ಟೇಷನ್, ಪಿಎಸ್‌ಪಿ ತನಕ ಸಾಕು, ಪ್ಲೇಸ್ಟೇಷನ್ 2 ಇದರಲ್ಲಿಲ್ಲ. ಹಲವು ಎಮ್ಯುಲೇಟರ್‌ಗಳನ್ನು ಒಂದೇ ಪಟ್ಟಿಗೆ ತರಬೇಕಾದರೆ ಡೈಜಿಶೋ ಎಂಬ ಉಚಿತ ಫ್ರಂಟ್‌ಎಂಡ್ ಇದೆ. ಇಎಸ್-ಡಿಇಯ ಆಂಡ್ರಾಯ್ಡ್ ಆವೃತ್ತಿಗೆ ದುಡ್ಡು ಕೊಡಬೇಕು. ಐಫೋನಿನವರಿಗೆ 2024ರ ಏಪ್ರಿಲ್ ತನಕ ಬಾಗಿಲು ಮುಚ್ಚಿತ್ತು. ಈಗ ಡೆಲ್ಟಾ, ರೆಟ್ರೋಆರ್ಚ್ ಎರಡೂ ಆ್ಯಪ್ ಸ್ಟೋರಿನಲ್ಲೇ ಸಿಗುತ್ತವೆ.

ಕಪ್ಪು ಪರದೆ

ಗೇಮ್ ಹಾಕಿದೆ, ಪರದೆ ಕಪ್ಪಗಾಯಿತು, ಮತ್ತೆ ಪಟ್ಟಿಗೇ ಬಂತು. ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಕಾರಣ ಬಹಳ ಸಲ ಬಯೋಸ್, ಅಂದರೆ ಮೂಲ ಮೆಷಿನ್ನಿನ ಚಿಪ್ಪಿನಲ್ಲಿದ್ದ ಪ್ರೋಗ್ರಾಂ. ಎನ್‌ಇಎಸ್‌ಗೆ ಅದು ಬೇಡ, ಪ್ಲೇಸ್ಟೇಷನ್ 2ಕ್ಕೆ ಬೇಕೇ ಬೇಕು. ಅದನ್ನು ನಿಮ್ಮದೇ ಮೆಷಿನ್ನಿನಿಂದ ತೆಗೆಯಬೇಕು. ಹೆಸರು ಒಂದಕ್ಷರ ತಪ್ಪಿದರೂ ಕೆಲವು ಕೋರ್‌ಗಳು ಒಪ್ಪುವುದಿಲ್ಲ. ಲಿನಕ್ಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಲೆಕ್ಕ. ವಿಂಡೋಸಿನಲ್ಲಿ ಓಡುತ್ತಿದ್ದ ಫೈಲು ಬಟೋಸೆರಾಕ್ಕೆ ಬಂದಾಗ ಕಾಣದಿರುವುದು ಇದರಿಂದಲೇ.

ಹಾಗಾಗಿ ಆರಿಸುವಾಗ ಇದನ್ನು ನೋಡಿ: ಸಾಫ್ಟ್‌ವೇರ್ ಬಯೋಸ್ ಕೊರತೆಯನ್ನು ತಾನೇ ಹೇಳುತ್ತದಾ? ಬಟೋಸೆರಾದ ಮೆನುವಿನಲ್ಲಿ ಇಲ್ಲದ ಬಯೋಸ್‌ಗಳ ಪಟ್ಟಿ ಸಿಗುತ್ತದೆ. ಎಮುಡೆಕ್‌ನಲ್ಲಿ ಬಯೋಸ್ ಚೆಕರ್ ಇದೆ. ರೆಟ್ರೋಆರ್ಚ್‌ನಲ್ಲಿ ಕೋರ್ ಮಾಹಿತಿ ತೆರೆದರೆ ಯಾವ ಫೈಲು ಇದೆ, ಯಾವುದಿಲ್ಲ ಅಂತ ಒಂದೊಂದಾಗಿ ಬರೆದಿರುತ್ತದೆ. ಅರ್ಧ ದಿನ ತಲೆ ಕೆಡಿಸಿಕೊಳ್ಳುವ ಮೊದಲು ಆ ಪುಟ ನೋಡಿ.

ಸೇವ್‌ಗಳು ಯಾರ ಕೈಯಲ್ಲಿ?

ಎಮ್ಯುಲೇಟರ್‌ಗಳು ಇವತ್ತು ಇರುತ್ತವೆ, ನಾಳೆ ಇರದೆ ಹೋಗಬಹುದು. ನಿಂಟೆಂಡೋ ಕೇಸು ಹಾಕಿದ ಮೇಲೆ 2024ರ ಮಾರ್ಚಿನಲ್ಲಿ ಸ್ವಿಚ್ ಎಮ್ಯುಲೇಟರ್ ಯುಜು 24 ಲಕ್ಷ ಡಾಲರ್ ಕೊಡಲು ಒಪ್ಪಿ ಮುಚ್ಚಿತು. ಅದರ ಜೊತೆಗೇ ನಿಂಟೆಂಡೋ 3ಡಿಎಸ್‌ನ ಎಮ್ಯುಲೇಟರ್ ಸಿಟ್ರಾ ಹೋಯಿತು. ಅಕ್ಟೋಬರಿನಲ್ಲಿ ಇನ್ನೊಂದು ಸ್ವಿಚ್ ಎಮ್ಯುಲೇಟರ್ ರ‍್ಯುಜಿಂಕ್ಸ್ ನಿಂತಿತು. ಆಂಡ್ರಾಯ್ಡಿನ ಪ್ಲೇಸ್ಟೇಷನ್ 2 ಎಮ್ಯುಲೇಟರ್ ಏಥರ್‌ಎಸ್‌ಎಕ್ಸ್2 ಕೆಲಸವನ್ನು ಅದರ ಕರ್ತೃ 2023ರ ಜನವರಿಯಲ್ಲೇ ಕೈಬಿಟ್ಟಿದ್ದರು. ಅದಕ್ಕೇ ನಾನು ಯಾವ ಸೆಟಪ್ ಹಾಕಿದರೂ ರೋಮ್, ಬಯೋಸ್, ಸೇವ್ ಮೂರನ್ನೂ ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಡುತ್ತೇನೆ. ಗೇಮ್ ಮತ್ತೆ ಡಿಸ್ಕಿನಿಂದ ತೆಗೆಯಬಹುದು. ಸೂಪರ್ ಮಾರಿಯೋ ಬ್ರದರ್ಸ್ ಫೈಲಂತೂ ಇರುವುದೇ 40 ಕೆಬಿ. ಸೇವ್ ಹೋದರೆ ಮತ್ತೆ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಆ ಮೈಸೂರಿನ ಪೆನ್‌ಡ್ರೈವಿನಿಂದಲೇ. ಎರಡು ತಿಂಗಳು ಚೆನ್ನಾಗಿ ಓಡಿ ಒಂದು ದಿನ ಸತ್ತಿತು. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕಾಣಲಿಲ್ಲ. ಅಕ್ಕನ ಮಗ ಪೋಕೆಮಾನ್ ಎಮರಾಲ್ಡ್‌ನಲ್ಲಿ ಆರು ಬ್ಯಾಡ್ಜ್ ಗೆದ್ದಿದ್ದ. ಅವನು ಅಳಲಿಲ್ಲ, ಜಾಯ್‌ಸ್ಟಿಕ್ಕಿನ ತಂತಿ ಸುತ್ತಿ ಒಳಗಿಟ್ಟು ಹೋದ. ನನಗೆ ಅದೇ ಜಾಸ್ತಿ ನೋವಾಯಿತು.

ಸೇವ್‌ಗಳಲ್ಲಿ ಎರಡು ಬಗೆ. ಗೇಮಿನ ಒಳಗಿನ ಮೆನುವಿನಿಂದ ಮಾಡುವುದು ಒಂದು. ಯಾವ ಕ್ಷಣದಲ್ಲಾದರೂ ಎಮ್ಯುಲೇಟರ್ ತೆಗೆದಿಡುವ 'ಸೇವ್ ಸ್ಟೇಟ್' ಇನ್ನೊಂದು. ಸ್ಟೇಟ್ ಅನುಕೂಲ ನಿಜ, ಆದರೆ ಎಮ್ಯುಲೇಟರಿನ ಆವೃತ್ತಿ ಬದಲಾದರೆ ತೆರೆಯದೆ ಹೋಗಬಹುದು, ಬೇರೆ ಕೋರಿಗಂತೂ ಹೊಂದುವುದಿಲ್ಲ. ಗೇಮಿನ ಒಳಗಿನ ಸೇವ್ ಬಹುಮಟ್ಟಿಗೆ ಎಲ್ಲಿಗೆ ಹೋದರೂ ನಡೆಯುತ್ತದೆ. ಊಟಕ್ಕೆ ಕರೆದಾಗ ಸ್ಟೇಟ್, ರಾತ್ರಿ ಮುಚ್ಚುವಾಗ ಗೇಮಿನ ಸೇವ್ ಅಂತ ಮಕ್ಕಳಿಗೆ ಅಭ್ಯಾಸ ಮಾಡಿಸಿ.

ಕರೆಂಟ್ ಹೋಗುವ ಊರಿನವರಿಗೆ ಒಂದು ಮಾತು. ರೆಟ್ರೋಆರ್ಚ್‌ನಲ್ಲಿ ಗೇಮಿನ ಸೇವ್ ಡಿಸ್ಕಿಗೆ ಬೀಳುವುದು ಗೇಮ್ ಮುಚ್ಚಿದಾಗ ಮಾತ್ರ ಆಗಿರಬಹುದು. ಎಷ್ಟು ಹೊತ್ತಿಗೊಮ್ಮೆ ತಾನೇ ಬರೆಯಬೇಕು ಎಂಬ ಆಯ್ಕೆ ಸೇವಿಂಗ್ ಸೆಟ್ಟಿಂಗಿನಲ್ಲಿದೆ. ಅದನ್ನು 10 ಸೆಕೆಂಡ್ ಎಂದು ಇಡಿ.

ಎಲ್ಲಿ ಹುಡುಕಬೇಕು? ಬಟೋಸೆರಾ, ರೆಟ್ರೋಬ್ಯಾಟ್ ಎರಡರಲ್ಲೂ ಸೇವ್ಸ್ ಎಂಬ ಒಂದೇ ಫೋಲ್ಡರ್, ಒಳಗೆ ಮೆಷಿನ್‌ವಾರು ಜೋಡಿಸಿರುತ್ತದೆ. ಇದರಲ್ಲಿ ಇವೆರಡಕ್ಕೆ ಪೂರ್ತಿ ಅಂಕ. ಎಮುಡೆಕ್‌ನಲ್ಲೂ ಸೇವ್ಸ್ ಫೋಲ್ಡರ್ ಇದೆ, ಆದರೆ ಅದರಲ್ಲಿ ಕೆಲವು ಬೇರೆ ಜಾಗಕ್ಕೆ ತೋರಿಸುವ ಕೊಂಡಿಗಳು. ಕಾಪಿ ಮಾಡಿದ ಮೇಲೆ ಫೈಲಿನ ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಪಿಸಿಎಸ್‌ಎಕ್ಸ್2 ನೇರವಾಗಿ ಹಾಕಿಕೊಂಡವರು ಮೆಮೊರಿ ಕಾರ್ಡ್ ಫೈಲನ್ನು ಎತ್ತಿಟ್ಟುಕೊಂಡರೆ ಸಾಕು.

ಅಕ್ಕನ ಮನೆಗೆ ಆಮೇಲೆ ಪೆನ್‌ಡ್ರೈವ್ ಬದಲು ಯುಎಸ್‌ಬಿ ಡಬ್ಬಿಯಲ್ಲಿ ಕೂರಿಸಿದ ಸಣ್ಣ ಎಸ್‌ಎಸ್‌ಡಿ ಕೊಟ್ಟೆ. ಬಟೋಸೆರಾ ಅದೇ, ಲ್ಯಾಪ್‌ಟಾಪ್ ಅದೇ. ಹೋದ ತಿಂಗಳು ಫೋನ್ ಮಾಡಿದಾಗ ಅಕ್ಕನ ಮಗ ಎಂಟನೇ ಬ್ಯಾಡ್ಜ್ ಗೆದ್ದದ್ದನ್ನು ಹೇಳಿದ. ಅವತ್ತೇ ಸೇವ್ಸ್ ಫೋಲ್ಡರನ್ನು ವೈಫೈ ಮೇಲೆ ತೆರೆದು, ಅವನ ಅಮ್ಮನ ಕಂಪ್ಯೂಟರಿಗೆ ತಾನೇ ಕಾಪಿ ಮಾಡಿಕೊಂಡಿದ್ದನಂತೆ. ಫೋಲ್ಡರಿಗೆ ಅವತ್ತಿನ ತಾರೀಕನ್ನೇ ಹೆಸರಿಟ್ಟಿದ್ದಾನೆ.